ಬೆಣಚು ಹಿಟ್ಟು ಕುಡಿದ ನೀರು

ಆಗ ನನಗೆ ಅರವತ್ತೊಂದು ವಯಸ್ಸು. ಇದಾಗಿ ಏಳು ವರ್ಷವಾಯಿತು. ಹನ್ನೊಂದು ವರ್ಷ ಒಂದೇ ಕಡಾಯಿಯ ಮುಂದೆ ನಿಂತು ದುಡಿದ ಒಬ್ಬ ಮನುಷ್ಯನ ಕೆಲಸ ಆ ಬೇಸಿಗೆಯಲ್ಲಿ ಹೋಯಿತು. ಯಾಕೆ ಹೋಯಿತು, ಯಾರಿಂದ ಹೋಯಿತು ಅನ್ನುವುದನ್ನಷ್ಟೇ ಬರೆಯುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ವಸಂತನರಸಾಪುರದ ಒಂದು ಸಣ್ಣ ಫ್ಯಾಕ್ಟರಿ. ಅಲ್ಲಿ ಇನ್ಸುಲೇಟರ್ ಮಾಡುತ್ತಿದ್ದರು. ಕರೆಂಟಿನ ದೊಡ್ಡ ಪೆಟ್ಟಿಗೆಗಳ ಒಳಗೆ ತಂತಿಯನ್ನು ಹಿಡಿದು ನಿಲ್ಲಿಸುವ ಕಂದು ಬಣ್ಣದ ಗುಂಡು ಕಂಬ ಅದು. ಮೊಳದುದ್ದ, ಮೈತುಂಬ ಬಳೆ ತೊಟ್ಟ ಹಾಗೆ ಅಂಚುಗಳು, ಎರಡು ತುದಿಗೂ ಹಿತ್ತಾಳೆಯ ಬಿಲ್ಲೆ. ತಂತಿಯಲ್ಲಿರುವ ಕರೆಂಟು ಪೆಟ್ಟಿಗೆಯ ಮೈಗೆ ಹಾರದಂತೆ ತಡೆಯುವುದೇ ಅದರ ಕೆಲಸ. ತಡೆಯದಿದ್ದರೆ ಪೆಟ್ಟಿಗೆಯೂ ಇಲ್ಲ, ಪಕ್ಕ ನಿಂತವನೂ ಇಲ್ಲ.

ಅದನ್ನು ಎಪಾಕ್ಸಿಯಲ್ಲಿ ಎರಕ ಹೊಯ್ಯುತ್ತಿದ್ದರು. ಎಪಾಕ್ಸಿ ಅಂದರೆ ಜೇನಿನ ಹಾಗಿರುವ ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಅನ್ನುವ ಇನ್ನೊಂದು ನೀರು, ಇವೆರಡರ ಜೊತೆಗೆ ಪುಡಿ. ಹೆಸರಿಗೆ ಎಪಾಕ್ಸಿ, ತೂಕಕ್ಕೆ ಇಟ್ಟರೆ ಅರ್ಧಕ್ಕಿಂತ ಹೆಚ್ಚು ಪುಡಿಯೇ. ಆ ಪುಡಿ ಬೇರೇನೂ ಅಲ್ಲ, ನಮ್ಮ ಗುಬ್ಬಿ ಕಡೆ ಹೊಲದ ಬದುವಿನಲ್ಲಿ ಬಿದ್ದಿರುತ್ತದಲ್ಲ, ಬೆಣಚು ಕಲ್ಲು, ಅದರ ಹಿಟ್ಟು. ಮೈದಾಕ್ಕಿಂತ ನುಣುಪು. ಚಿಕ್ಕವರಿದ್ದಾಗ ಎರಡು ಬೆಣಚು ಕಲ್ಲು ಉಜ್ಜಿ ಕಿಡಿ ಹಾರಿಸುತ್ತಿದ್ದೆವು. ಬೆಂಕಿ ಕಾರುವ ಕಲ್ಲನ್ನೇ ಹಿಟ್ಟು ಮಾಡಿ ಬೆರೆಸಿದರೆ ಅದು ಕರೆಂಟನ್ನು ತಡೆದು ನಿಲ್ಲಿಸುತ್ತದೆ ಅಂತ ಕೇಳಿದಾಗ ನಾನು ನಂಬಲಿಲ್ಲ. ಒಂದು ಸಲ ಪುಡಿಯಿಲ್ಲದ ಬರೀ ರೆಸಿನ್ ಎರಕ ಹೊಯ್ದು ತೋರಿಸಿದರು. ಆರುವಾಗ ಕುಗ್ಗಿ, ಒಳಗಿನ ಹಿತ್ತಾಳೆಯ ಸುತ್ತ ಒಣಗಿದ ಕೆರೆಯ ಮಣ್ಣಿನಂತೆ ಸೀಳಿತ್ತು. ಪುಡಿ ಬಿದ್ದದ್ದು ಕುಗ್ಗುವುದಿಲ್ಲ, ಸೀಳುವುದಿಲ್ಲ. ರೆಸಿನ್ ಬರೀ ಅಂಟು, ನಿಲ್ಲುವುದು ಕಲ್ಲು.

ಪುಡಿಯ ಕೋಣೆ ನನ್ನದು. ಮೂಟೆ ಬಿಚ್ಚಿ ಜರಡಿ ಹಿಡಿಯುವುದು, ಅಗಲದ ತಟ್ಟೆಗಳಲ್ಲಿ ಎರಡು ಬೆರಳು ದಪ್ಪ ಹರಡುವುದು, ರಾತ್ರಿ ಪಾಳಿಯವರಿಗೆ ಹೇಳಿ ಓವನ್ನಿಗೆ ಇಡುವುದು, ಬೆಳಿಗ್ಗೆ ಬಂದು ಕೈಗವಸು ತೊಟ್ಟು ತೆಗೆಯುವುದು. ತೆಗೆದ ತಟ್ಟೆಗಳು ಕಬ್ಬಿಣದ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತವೆ. ರೆಸಿನ್ ಕಾದ ಮೇಲೆ ಕಡಾಯಿಯವನು ಬಂದು ಒಯ್ಯುತ್ತಾನೆ.

ಆ ಕಡಾಯಿಯವನೇ ನಾನು ಹೇಳಿದ ಮನುಷ್ಯ. ತುಮಕೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವನು. ಎಲ್ಲರೂ ಭಾಯಿ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಅವನಿಗೆ ನಾನು ಅಕ್ಕ. ಅವನ ಕಡಾಯಿಗೆ ಮುಚ್ಚಳವಿತ್ತು, ಮುಚ್ಚಳದಲ್ಲಿ ಒಂದು ಗಾಜಿನ ಕಿಂಡಿ. ಒಳಗೆ ರೆಸಿನ್ನಿಗೆ ಪುಡಿ ಸುರಿದು ತಿರುಗಿಸಿ, ಪಂಪು ಹಾಕಿ ಒಳಗಿನ ಗಾಳಿಯನ್ನೆಲ್ಲ ಎಳೆದುಬಿಡುತ್ತಿದ್ದ. ಗಾಳಿ ಹೋಗುವಾಗ ಅದು ಹಾಲು ಉಕ್ಕಿದ ಹಾಗೆ ಕಿಂಡಿಯ ತನಕ ಉಕ್ಕಿ ಬರುತ್ತದೆ. ಒಲೆಯೇ ಇಲ್ಲ, ಆದರೂ ಉಕ್ಕುತ್ತದೆ. ಆಮೇಲೆ ಯಾರೋ ನೀರು ಚಿಮುಕಿಸಿದ ಹಾಗೆ ಧಸಕ್ಕನೆ ಕುಸಿದು ಕನ್ನಡಿಯಂತೆ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗುತ್ತಿರಲಿಲ್ಲ.

"ಅಕ್ಕಾ, ನಿನ್ನ ಹಿಟ್ಟು ಬಂತಾ? ಮುದ್ದೆ ಕಟ್ಬೇಕು," ಅಂತ ದಿನಾ ಬಾಗಿಲಲ್ಲಿ ಕೂಗುತ್ತಿದ್ದ.

"ನೀನು ಕಟ್ಟಿದ ಮುದ್ದೆ ತಿಂದೋರು ಹಲ್ಲು ಎಣಿಸ್ಕೋಬೇಕು ಬುಡು," ಅನ್ನುತ್ತಿದ್ದೆ ನಾನು.

ಬೇಸಿಗೆ ಶುರುವಿನಲ್ಲಿ ಒಬ್ಬ ಡಾಕ್ಟರು ಬಂದು ನಮ್ಮೆಲ್ಲರ ಎದೆ ನೋಡಿದರು. ಪುಡಿಯ ಕೋಣೆಗೆ ಬಂದು ಮೂಗು ಮುಚ್ಚಿಕೊಂಡು ನಿಂತು, "ಈ ಧೂಳು ಒಳಗೆ ಹೋದ್ರೆ ಮತ್ತೆ ಹೊರಗೆ ಬರಲ್ಲಮ್ಮ, ಶ್ವಾಸಕೋಶ ಕಲ್ಲಾಗ್ತದೆ. ಧೂಳು ಏಳದ ಹಾಗೆ ಗುಡಿಸಿ," ಅಂದರು. ಅವರು ಹೇಳಿದ್ದು ಸರಿಯೇ. ಬಟ್ಟೆಯ ಬದಲು ಒಳ್ಳೆಯ ಮುಖವಾಡ ಕೊಟ್ಟದ್ದೂ ಅವರು ಹೇಳಿದ ಮೇಲೆಯೇ.

ಧೂಳು ಏಳದ ಹಾಗೆ ಗುಡಿಸುವುದನ್ನು ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಬೆಳಗೆದ್ದು ಬಾಗಿಲಿಗೆ ನೀರು ಚಿಮುಕಿಸಿ ಗುಡಿಸುವುದನ್ನು ಐವತ್ತು ವರ್ಷ ಮಾಡಿದ ಕೈ ನನ್ನದು. ಮಾರನೆಯ ದಿನದಿಂದ ತಟ್ಟೆ ತೆಗೆದು ಸ್ಟ್ಯಾಂಡಿಗೆ ಇಟ್ಟವಳೇ, ಅರ್ಧ ಬಕೆಟ್ ನೀರು ತಂದು ಸ್ಟ್ಯಾಂಡಿನ ಅಡಿಗೂ ಸುತ್ತಲೂ ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಗುಡಿಸುತ್ತಿದ್ದೆ. ಓವನ್ನಿನ ಪಕ್ಕದ ನೆಲ ಸುಡುತ್ತಿತ್ತು, ನೀರು ಬಿದ್ದರೆ ಚೊರ್ ಅನ್ನುತ್ತಿತ್ತು. ಕೋಣೆ ತಂಪಾಗುತ್ತಿತ್ತು. ನನಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅದಾದ ಎರಡು ಮೂರು ದಿನಕ್ಕೆ ಎರಕದ ಪೀಸುಗಳು ಟೆಸ್ಟಿನಲ್ಲಿ ಬೀಳತೊಡಗಿದವು.

ಟೆಸ್ಟ್ ಅಂದರೆ, ಫ್ಯಾಕ್ಟರಿಯ ಮೂಲೆಯಲ್ಲಿ ತಂತಿ ಬಲೆಯ ಒಂದು ದೊಡ್ಡ ಪಂಜರ. ಅದರ ಒಳಗೆ ಪೀಸನ್ನು ನಿಲ್ಲಿಸಿ, ಬಾಗಿಲು ಹಾಕಿ, ಹೊರಗೆ ಕೂತ ಇಂಜಿನಿಯರ್ ಮೇಡಂ ಕರೆಂಟನ್ನು ಮೆಲ್ಲಗೆ ಏರಿಸುತ್ತಾರೆ. ಮೂವತ್ತೈದರ ಆಸುಪಾಸಿನ ಹೆಂಗಸು, ಮಾತು ಕಮ್ಮಿ. ಅವರ ಮುಂದೆ ಒಂದು ಪರದೆ, ಪರದೆಯಲ್ಲಿ ಒಂದು ಗೆರೆ. ಪೀಸು ಗಟ್ಟಿಯಿದ್ದರೆ ಗೆರೆ ನಿಂತ ಕೆರೆಯ ಹಾಗೆ ಸಪಾಟಾಗಿರುತ್ತದೆ. ಒಳಗೆಲ್ಲೋ ಸಾಸಿವೆಯಷ್ಟು ಗುಳ್ಳೆ ಇದ್ದರೂ ಸಾಕು, ಕರೆಂಟು ಅದನ್ನು ಹುಡುಕಿಕೊಂಡು ಹೋಗುತ್ತದೆ. ಗೆರೆಯ ಮೇಲೆ ಹುಲ್ಲು ಮೊಳೆತ ಹಾಗೆ ಮುಳ್ಳುಮುಳ್ಳು ಏಳುತ್ತವೆ.

ಮೊದಲ ಸಲ ಆರರಲ್ಲಿ ನಾಲ್ಕಕ್ಕೆ ಹುಲ್ಲು ಎದ್ದಿತು. ಮೇಡಂ ಪುಡಿಯ ಮೂಟೆ ಬದಲಿಸಿದರು. ಎರಡನೆಯ ಸಲ ಆರಕ್ಕೆ ಆರೂ. ಪಂಪಿನ ರಬ್ಬರು ಬದಲಿಸಿದರು, ಅಚ್ಚಿಗೆ ಹಚ್ಚುವ ಎಣ್ಣೆ ಬದಲಿಸಿದರು, ಅಚ್ಚಿನ ಬಿಸಿಯನ್ನು ಗಂಟೆಗೊಮ್ಮೆ ಬರೆದಿಟ್ಟರು. ಮೂರನೆಯ ಸಲವೂ ಬಿದ್ದವು. ಒಂದು ಪೀಸನ್ನು ನಡುವೆ ಕೊಯ್ಯಿಸಿ ನೋಡಿದರು. ಹೊರಗೆ ಅಷ್ಟು ನುಣುಪು, ಒಳಗೆ ಹಿತ್ತಾಳೆಯ ಬಿಲ್ಲೆಯ ಹತ್ತಿರ ಸೂಜಿಯಲ್ಲಿ ಚುಚ್ಚಿದ ಹಾಗೆ ಗುಳ್ಳೆಗಳು.

ಗುಳ್ಳೆ ಅಂದರೆ ಗಾಳಿ. ಗಾಳಿ ತೆಗೆಯುವುದು ಯಾರ ಕೆಲಸ? ಭಾಯಿಯದು.

ಮಾಲೀಕರು ಕೆಟ್ಟವರಲ್ಲ. ಹಣೆಗೆ ವಿಭೂತಿ ಇಟ್ಟುಕೊಂಡು ಎಂಟು ಗಂಟೆಗೆ ಬಂದರೆ ಕತ್ತಲಾದ ಮೇಲೆ ಹೋಗುವವರು. ಆದರೆ ಮೂರು ಸಲ ಬಿದ್ದ ಮೇಲೆ ಅವರಿಗೂ ಒಂದು ಕುತ್ತಿಗೆ ಬೇಕಾಗಿತ್ತು. ನಮ್ಮೆಲ್ಲರ ಮುಂದೆಯೇ ಕೇಳಿದರು.

"ಪಂಪ್ ಎಷ್ಟೊತ್ತು ಓಡಿಸ್ತೀಯಪ್ಪ?"

"ನಲವತ್ತು ನಿಮಿಷ ಸಾರ್. ಹನ್ನೊಂದು ವರ್ಷದಿಂದ ಅಷ್ಟೇ."

"ಸಾಯಂಕಾಲ ಮನೆಗೆ ಹೋಗೋ ವ್ಯಾನ್ ತಪ್ತದೆ ಅಂತ ಬೇಗ ಆಫ್ ಮಾಡ್ತೀಯಂತೆ?"

"ಯಾರು ಹೇಳಿದ್ದು ಸಾರ್? ಒಂದು ನಿಮಿಷ ಮುಂಚೆ ನಿಲ್ಸಿಲ್ಲ. ಬೇಕಾದ್ರೆ ಅಕ್ಕನ್ನ ಕೇಳಿ, ದಿನಾ ಕಿಂಡೀಲಿ ಇಣುಕ್ತಾ ಇರ್ತಾಳೆ."

ನಾನು, "ಇಲ್ಲ ಸಾರ್, ಪೂರ್ತಿ ಓಡಿಸ್ತಾನೆ, ನಾನೇ ನೋಡಿವ್ನಿ," ಅಂದೆ. ನನ್ನ ಮಾತಿಗೆ ಎಷ್ಟು ತೂಕ? ಅಷ್ಟೇ ತೂಕ ಬಿತ್ತು.

ಎರಡು ದಿನ ಬಿಟ್ಟು ಅವನಿಗೆ ನಾಳೆಯಿಂದ ಬರಬೇಡ ಅಂದರು. ಅವನು ಕಡಾಯಿಯನ್ನು ಒಂದು ಸಲ ಪೂರ್ತಿ ಒರೆಸಿ, ಕಿಂಡಿಯ ಗಾಜು ಉಜ್ಜಿ, ಟವಲು ಕೊಡವಿಕೊಂಡು ಹೊರಟ. ಕುಣಿಗಲ್ಲಿನಲ್ಲಿ ಅವನ ಭಾಮೈದನ ಪಂಕ್ಚರ್ ಅಂಗಡಿ ಇತ್ತು, ಅಲ್ಲಿಗೆ ಹೋಗುತ್ತೇನೆ ಅಂದ. ಮಗಳ ಮದುವೆ ಮಾತಾಗಿತ್ತು. ಗಂಡಿನವರಿಗೆ ಹುಡುಗಿಯ ಅಪ್ಪ ಫ್ಯಾಕ್ಟರಿಯಲ್ಲಿ ಕಳಪೆ ಕೆಲಸ ಮಾಡಿ ಹೊರಬಿದ್ದ ಅಂತ ಗೊತ್ತಾದರೆ ಏನಂತಾರೋ ಅನ್ನುವುದೊಂದೇ ಅವನ ಬಾಯಲ್ಲಿ ಬಂದದ್ದು. ನನ್ನನ್ನು ದಾಟಿ ಹೋಗುವಾಗ, "ನಿನ್ನ ಹಿಟ್ಟು ಈಚೆಗೆ ಯಾಕೋ ಜಡ ಅಕ್ಕಾ. ಮುಂಚಿನ ಹಂಗೆ ಉಕ್ಕಿ ಇಳೀತಿಲ್ಲ. ಉಕ್ತಾನೇ ಇರ್ತದೆ," ಅಂದ.

ಇದನ್ನು ಅವನು ಹದಿನೈದು ದಿನದ ಹಿಂದೆಯೂ ಅಂದಿದ್ದ. ಆಗ ನಾನು, "ನಿನ್ನ ತೋಳು ಸೊರಗಿದೆ ಕಣೋ, ಹಿಟ್ಟಿಗೆ ಯಾಕೆ ಹೇಳ್ತೀಯ," ಅಂತ ಬಾಯಿ ಮುಚ್ಚಿಸಿದ್ದೆ.

ಅವನು ಹೋದ ಮಾರನೆಯ ದಿನ ಕಡಾಯಿಗೆ ಮೇಡಂ ತಾವೇ ನಿಲ್ಲುವುದು ಅಂತಾಯಿತು. ರೂಢಿಯಿಲ್ಲದ ಕೈ, ರೆಸಿನ್ ಕಾಯಿಸುವುದು ತಡವಾಯಿತು. ನನ್ನ ತಟ್ಟೆಗಳು ಸ್ಟ್ಯಾಂಡಿನಲ್ಲಿ ಎರಡು ಗಂಟೆ ನಿಂತವು. ನಾನು ಎಂದಿನಂತೆ ನೀರು ಚಿಮುಕಿಸಿ ಗುಡಿಸಿ ಕೂತಿದ್ದೆ. ತಟ್ಟೆ ಆರಿತ್ತು, ಕೈಗವಸು ಬೇಕಾಗಿರಲಿಲ್ಲ. ಸುಮ್ಮನೆ ಬರಿಗೈಯಲ್ಲಿ ಒಂದು ಹಿಡಿ ಪುಡಿ ತೆಗೆದೆ. ಎಷ್ಟೋ ತಿಂಗಳಾಗಿತ್ತು ಬರಿಗೈಯಲ್ಲಿ ಮುಟ್ಟಿ.

ಚೆನ್ನಾಗಿ ಒಣಗಿದ ಬೆಣಚು ಹಿಟ್ಟು ಮುಷ್ಟಿಯಲ್ಲಿ ನಿಲ್ಲುವುದಿಲ್ಲ, ನೀರಿನ ಹಾಗೆ ಬೆರಳ ಸಂದಿಯಲ್ಲಿ ಹರಿದುಹೋಗುತ್ತದೆ. ಇದು ನಿಂತಿತು. ಮುಷ್ಟಿ ಬಿಚ್ಚಿದರೆ ನನ್ನ ನಾಲ್ಕು ಬೆರಳಿನ ಗುರುತು ಹಿಟ್ಟಿನ ಮೇಲೆ ಹಾಗೇ ಇತ್ತು. ಮಳೆಗಾಲದಲ್ಲಿ ಡಬ್ಬದ ಬಾಯಿ ತೆರೆದಿಟ್ಟ ರಾಗಿ ಹಿಟ್ಟು ಹೀಗಾಗುತ್ತದೆ.

ಊಟದ ಡಬ್ಬಿ ಬಿಸಿ ಮಾಡಿಕೊಳ್ಳಲು ನಮಗೊಂದು ಹಾಟ್ ಪ್ಲೇಟ್ ಇತ್ತು. ಎರಡು ಹಿಡಿ ಪುಡಿಯನ್ನು ಒಂದು ಬಟ್ಟಲಿಗೆ ಹಾಕಿ ಅದರ ಮೇಲಿಟ್ಟೆ. ತಣ್ಣೀರಲ್ಲಿ ಅದ್ದಿ ಒರೆಸಿದ ಸ್ಟೀಲ್ ತಟ್ಟೆಯನ್ನು ಬಟ್ಟಲ ಮೇಲೆ ಕವುಚಿದೆ. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡಿದೆ. ತಟ್ಟೆಯ ಹೊಟ್ಟೆಗೆ ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಬೆವರು.

ಕಲ್ಲಿನ ಪುಡಿ ಬೆವರಿತ್ತು. ರಾತ್ರಿಯೆಲ್ಲ ಓವನ್ನಿನಲ್ಲಿ ಬೆಂದ ಕಲ್ಲು. ಅಷ್ಟು ಬಾಯಾರಿದ್ದಕ್ಕೆ ನಾನು ಪಕ್ಕದಲ್ಲೇ ನೀರು ಚೆಲ್ಲಿ ಆವಿ ಎಬ್ಬಿಸಿದರೆ ಅದು ಆರುತ್ತಾ ಆರುತ್ತಾ ಕುಡಿಯದೆ ಬಿಡುತ್ತದೆಯೆ? ಆ ನೀರೇ ಬಿಸಿ ರೆಸಿನ್ನಿನಲ್ಲಿ ಆವಿಯಾಗಿ ಗುಳ್ಳೆ ಕಟ್ಟುತ್ತಿತ್ತು. ಗುಳ್ಳೆ ಶುರುವಾದ ದಿನ, ನಾನು ಬಕೆಟ್ ಹಿಡಿದ ದಿನ, ಎರಡನ್ನೂ ಬೆರಳಲ್ಲಿ ಎಣಿಸಿದೆ. ತಾಳೆ ಬಿತ್ತು.

ನಾನು ಒಳ್ಳೆಯವಳು ಅಂತ ತೋರಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಮಧ್ಯಾಹ್ನದ ಊಟದವರೆಗೆ ನಾನು ಬಾಯಿ ಬಿಡಲಿಲ್ಲ. ಡಬ್ಬಿ ತೆರೆದು ಕೂತು ಲೆಕ್ಕ ಹಾಕಿದೆ. ನಾಳೆಯಿಂದ ನೀರು ಚಿಮುಕಿಸುವುದು ಬಿಟ್ಟರೆ ಸಾಕು, ಪೀಸು ಸರಿಯಾಗುತ್ತವೆ, ಯಾರಿಗೂ ಏನೂ ತಿಳಿಯುವುದಿಲ್ಲ. ಅರವತ್ತು ದಾಟಿದವಳನ್ನು ಇನ್ನೆಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಅಲ್ಲಿಯವರೆಗೆ ಲೆಕ್ಕ ಚೆನ್ನಾಗಿಯೇ ಇತ್ತು. ಆಮೇಲೆ ಇನ್ನೊಂದು ಹೊಳೆಯಿತು. ಅವನು ಹೋದ ಮಾರನೆಯ ದಿನವೇ ಪೀಸು ಸರಿಯಾದರೆ ಎಲ್ಲರೂ ಏನನ್ನುತ್ತಾರೆ? ನೋಡಿದಿರಾ, ಅವನು ಹೋದ, ಗುಳ್ಳೆಯೂ ಹೋಯಿತು ಅನ್ನುತ್ತಾರೆ. ಕೆಲಸ ಹೋಗಿತ್ತು, ಇನ್ನು ಹೆಸರೂ ಹೋಗುತ್ತಿತ್ತು, ಅದೂ ನನ್ನ ಒಳ್ಳೆಯ ಪುಡಿಯಿಂದ. ಡಬ್ಬಿ ಮುಚ್ಚಿ ಬೆವರಿದ ತಟ್ಟೆಯನ್ನು ಹಿಡಿದುಕೊಂಡು ಹೋದೆ.

"ಮೇಡಂ, ಗುಳ್ಳೆ ಭಾಯಿದಲ್ಲ. ನಂದು."

ಮೇಡಂ ಕಡಾಯಿಯ ಹತ್ತಿರವಿದ್ದರು. "ಏನಜ್ಜಿ ಅದು?"

ಹೇಳಿದೆ. ಬಕೆಟ್ಟು, ಪೊರಕೆ, ಡಾಕ್ಟರು, ಎಲ್ಲ. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಕೋಣೆಗೆ ಬಂದು, ಸ್ಟ್ಯಾಂಡಿನ ಅಡಿ ಬಗ್ಗಿ ನೆಲ ಮುಟ್ಟಿ, "ನಾನು ಈ ರೂಮಿಗೆ ಬೆಳಿಗ್ಗೆ ಹೊತ್ತು ಒಂದು ದಿನಾನೂ ಬಂದಿಲ್ಲ," ಅಂದರು. ನನಗಿಂತ ಅವರಿಗೇ ನಾಚಿಕೆಯಾದ ಹಾಗಿತ್ತು.

"ಈಗ್ಲೇ ಓನರ್ ಹತ್ರ ಹೇಳ್ತೀನಿ," ಅಂದೆ.

"ಬೇಡ. ಬರೀ ಬಾಯಲ್ಲಿ ಹೇಳಿದ್ರೆ, ಅಜ್ಜಿ ಅವನ ಪರ ಮಾತಾಡ್ತಾಳೆ ಅಂತಾರೆ. ತೋರಿಸೋಣ."

ಅವರು ತೆಗೆದುಕೊಂಡ ತೀರ್ಮಾನ ಇದು. ಅದೇ ಮೂಟೆಯ ಪುಡಿ, ಅದೇ ರೆಸಿನ್, ಅದೇ ಪಂಪು, ಅದೇ ನಲವತ್ತು ನಿಮಿಷ. ಎರಡು ಪೀಸು. ಒಂದಕ್ಕೆ ನಾನು ಎಂದಿನಂತೆ ನೀರು ಚಿಮುಕಿಸಿದ ಕೋಣೆಯಲ್ಲಿ ಆರಿಸಿದ ಪುಡಿ. ಇನ್ನೊಂದಕ್ಕೆ ಓವನ್ನಿನಿಂದ ತೆಗೆದ ತಕ್ಷಣ ಮುಚ್ಚಳ ಬಿಗಿದ ಡಬ್ಬದಲ್ಲಿ ಬಿಸಿಬಿಸಿಯಾಗೇ ಒಯ್ದ ಪುಡಿ. ಒದ್ದೆ ಪುಡಿಯದರ ಹಿತ್ತಾಳೆಗೆ ಒಂದು ಗೀಟು, ಒಣ ಪುಡಿಯದಕ್ಕೆ ಎರಡು ಗೀಟು ಹಾಕಿದರು.

ಕಿಂಡಿಯಲ್ಲಿ ನಾನೇ ನೋಡಿದೆ. ಒದ್ದೆ ಪುಡಿಯದು ಉಕ್ಕಿತು, ಇಳಿಯಿತು, ಮತ್ತೆ ಸಣ್ಣಗೆ ಕುದಿಯುತ್ತಲೇ ಇತ್ತು. ಭಾಯಿ ಹೇಳಿದ್ದು ಅಕ್ಷರಕ್ಕಕ್ಷರ ಅದೇ. ಒಣ ಪುಡಿಯದು ಒಂದೇ ಸಲ ಕಿಂಡಿ ಮುಟ್ಟುವಂತೆ ಎದ್ದು, ಧಸಕ್ಕನೆ ಕೂತು, ಕನ್ನಡಿಯಾಯಿತು. ಅದನ್ನು ಬಿಸಿ ಅಚ್ಚಿಗೆ ಬಿಡುವಾಗ ರೇಷ್ಮೆಹುಳದ ನೂಲಿನಂತೆ ಎಳೆ ತುಂಡಾಗದೆ ಇಳಿಯಿತು. ರಾತ್ರಿಯೆಲ್ಲ ಓವನ್ನಿನಲ್ಲಿ ಬೇಯಲು ಬಿಟ್ಟರು. ಮಾರನೆಯ ದಿನ ಒಮ್ಮೆಲೇ ತೆಗೆಯದೆ ಬಾಗಿಲು ಮುಚ್ಚಿಯೇ ಆರಿಸಿದರು. ಅವಸರ ಮಾಡಿದರೆ ಸೀಳುತ್ತದೆ.

ಸಾಯಂಕಾಲ ನಾಲ್ಕಕ್ಕೆ ಪಂಜರದ ಮುಂದೆ ಮಾಲೀಕರನ್ನು ಕರೆಸಿದರು. ಎರಡು ಪೀಸೂ ಪಕ್ಕಪಕ್ಕ. ಅವಳಿಜವಳಿ. ಕಣ್ಣಿಗೆ ಒಂದು ಕೂದಲೆಳೆ ವ್ಯತ್ಯಾಸವಿಲ್ಲ.

ಮೊದಲು ಎರಡು ಗೀಟಿನದು, ಒಣ ಪುಡಿಯದು. ಮೇಡಂ ಗುಂಡಿ ತಿರುಗಿಸಿದರು. ಕರೆಂಟು ಏರಿದ ಹಾಗೆ ನನ್ನ ತೋಳಿನ ಕೂದಲು ತಾನಾಗಿ ನಿಂತಿತು. ಪರದೆಯ ಗೆರೆ ಅಲುಗಲಿಲ್ಲ. ಇನ್ನೂ ಏರಿಸಿದರು. ಅಲುಗಲಿಲ್ಲ. ಕೊನೆಯ ಗುರುತಿಗೆ ತಂದು ನಿಲ್ಲಿಸಿ ಒಂದು ನಿಮಿಷ ಬಿಟ್ಟರು. ಒಂದು ಊರನ್ನೇ ಸುಡುವಷ್ಟು ಕೋಪ ಆ ಕಡೆ ತಳ್ಳುತ್ತಿದೆ, ಈ ಕಡೆ ನಮ್ಮ ಹೊಲದ ಬದುವಿನ ಕಲ್ಲು ಸುಮ್ಮನೆ ನಿಂತಿದೆ. ಸದ್ದಿಲ್ಲ. ನಾನು ದೇವಸ್ಥಾನದಲ್ಲಿ ಕೈ ಮುಗಿಯುವುದು ಕಮ್ಮಿ. ಅಲ್ಲಿ ಕೈ ತಾನಾಗಿ ಎದೆಗೆ ಬಂತು.

"ಇನ್ನೊಂದು," ಅಂದರು ಮಾಲೀಕರು.

ಒಂದು ಗೀಟಿನದು. ಅರ್ಧ ಏರಿಸುವ ಮೊದಲೇ ಹುಲ್ಲು ಎದ್ದಿತು. ಇನ್ನೂ ಏರಿಸಿದರು, ಪರದೆಯ ತುಂಬ ಮುಳ್ಳು. ಕೊನೆಯ ಗುರುತು ಮುಟ್ಟುವಷ್ಟರಲ್ಲಿ ಪಂಜರದೊಳಗೆ ಚಟಾರ್ ಅಂತ ನೀಲಿ ಬೆಳಕು ಹಾರಿ ಎಲ್ಲ ನಿಂತುಹೋಯಿತು. ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಸುಟ್ಟ ಕೊಂಬಿನ ವಾಸನೆ.

ಗರಗಸಕ್ಕೆ ಕೊಟ್ಟು ಅದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ಯಿಸಿದರು. ಮೂರನೆಯ ಬಿಲ್ಲೆಯಲ್ಲಿ ಸಿಕ್ಕಿತು. ಎಳ್ಳಿನ ಕಾಳಿಗಿಂತ ಚಿಕ್ಕ ಗುಳ್ಳೆ. ಅದರಿಂದ ಹೊರಟ ಒಂದು ಕಪ್ಪು ಗೆರೆ, ಕೂದಲಿನಷ್ಟು, ಎರಡಾಗಿ, ನಾಲ್ಕಾಗಿ, ಸಸಿಯ ಬೇರು ಮಣ್ಣಲ್ಲಿ ಇಳಿದ ಹಾಗೆ ಕವಲೊಡೆದು ಅಂಚಿನವರೆಗೂ ಹೋಗಿತ್ತು. ಕರೆಂಟು ಕಲ್ಲಿನೊಳಗೆ ಬೇರು ಬಿಟ್ಟಿತ್ತು. ನನ್ನ ಬಕೆಟ್ಟಿನ ಒಂದು ಹನಿಯ ಯಾವುದೋ ಚೂರು ಆವಿ ಅಲ್ಲಿ ಕೂತು ಅದಕ್ಕೆ ಬಾಗಿಲು ತೆಗೆದಿತ್ತು. ನಾನು ಅದನ್ನು ಎಷ್ಟು ಹೊತ್ತು ನೋಡುತ್ತ ನಿಂತೆನೋ ಗೊತ್ತಿಲ್ಲ. ಮಾಡಿದ ತಪ್ಪನ್ನು ಅಷ್ಟು ಅಂದವಾಗಿ ಬರೆದು ಯಾರೂ ನನ್ನ ಕೈಗೆ ಕೊಟ್ಟಿರಲಿಲ್ಲ.

ಮೇಡಂ ಮಾಲೀಕರಿಗೆ ವಿಷಯ ಬಿಡಿಸಿ ಹೇಳಿದರು. ಧೂಳಿಗೆ ಎಳೆದುಕೊಳ್ಳುವ ಮಿಷನ್ ಬೇಕು, ನೀರು ಬೇಡ, ಪುಡಿಗೆ ಮುಚ್ಚಳದ ಡಬ್ಬ ಬೇಕು ಅಂದರು. ಮಾಲೀಕರು ನನ್ನ ಕಡೆ ತಿರುಗಿದರು.

"ಯಾಕಮ್ಮ, ಯಾರನ್ನೂ ಕೇಳ್ದೆ ನೀರು ಹಾಕ್ದೆ?"

"ನೆಲ ಗುಡಿಸೋಕೆ ಯಾರನ್ನ ಕೇಳ್ತಾರೆ ಸಾರ್? ತಪ್ಪಾಯ್ತು. ನನ್ನ ತೆಗೀತೀರೋ ಇಟ್ಕೋತೀರೋ ನಿಮಗೆ ಬಿಟ್ಟಿದ್ದು. ಅವನದು ಮೊದ್ಲು ಹೇಳಿ."

ಅವರು ಹಣೆ ಉಜ್ಜಿಕೊಂಡರು. ಫೋನು ತೆಗೆದು ಭಾಯಿಗೆ ಹಚ್ಚಿದರು. ಮೂರು ಸಲ ಹಚ್ಚಿದರು. ಅವನು ಎತ್ತಲಿಲ್ಲ. "ನಾಳೆ ಯಾರನ್ನಾದ್ರೂ ಕಳಿಸ್ತೀನಿ," ಅಂದರು.

"ಯಾರನ್ನೋ ಯಾಕೆ?" ಅಂದೆ ನಾನು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಲಿಲ್ಲ. ಗುಬ್ಬಿಯಿಂದ ತುಮಕೂರಿಗೆ ಬಂದು ಕುಣಿಗಲ್ ಬಸ್ಸು ಹತ್ತಿದೆ. ಕೊಯ್ದ ಮೂರನೆಯ ಬಿಲ್ಲೆ ಚೀಲದಲ್ಲಿತ್ತು. ಯಾರನ್ನೂ ಕೇಳಿ ತಂದಿರಲಿಲ್ಲ. ಪಂಕ್ಚರ್ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅವನು ಕುಕ್ಕರಗಾಲಲ್ಲಿ ಕೂತು ಒಂದು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸುತ್ತಿದ್ದ. ನನ್ನನ್ನು ಕಂಡು ಏಳಲಿಲ್ಲ.

"ಏನಕ್ಕಾ, ಇಷ್ಟು ದೂರ?"

"ಗುಳ್ಳೆ ನಂದು ಕಣೋ ಭಾಯಿ. ನೆಲಕ್ಕೆ ನೀರು ಹಾಕ್ತಿದ್ದೆ, ಹಿಟ್ಟು ಕುಡೀತಿತ್ತು. ನೀನು ಜಡ ಅಂದಾಗ ನಾನು ಕೇಳ್ಲಿಲ್ಲ. ಓನರ್ ಕಣ್ಣಾರೆ ನೋಡಿದಾರೆ. ವಾಪಸ್ ಕರೀತಾರೆ, ಫೋನ್ ಎತ್ತು."

ಅವನು ಟ್ಯೂಬನ್ನು ಮತ್ತೆ ನೀರಿಗೆ ಅದುಮಿದ. ಮುಖ ಬಿಗಿದಿತ್ತು.

"ಬೈಯೋದಿದ್ರೆ ಬೈ. ಅದಕ್ಕೇ ಬಂದಿರೋದು. ಫೋನಲ್ಲಿ ಹೇಳಿದ್ರೆ ಸರಿಯಾಗಿ ಬೈಸ್ಕೊಂಡ ಹಂಗಾಗಲ್ಲ."

ನಾನು ಬಿಲ್ಲೆ ತೆಗೆದು ಅವನ ಮುಂದೆ ಹಿಡಿದೆ. ಕೈಯನ್ನು ಲುಂಗಿಗೆ ಒರೆಸಿಕೊಂಡು ತೆಗೆದುಕೊಂಡ. ಬಿಸಿಲಿಗೆ ಓರೆಯಾಗಿ ಹಿಡಿದ. ಕಪ್ಪು ಬೇರನ್ನು ಅಂಚಿನಿಂದ ಹಿಡಿದು ಉಗುರಿನಲ್ಲಿ ಮೆಲ್ಲಗೆ ಹಿಂಬಾಲಿಸುತ್ತ, ಕವಲು ಕವಲಾಗಿ ಒಳಗೆ ಹೋಗಿ, ಗುಳ್ಳೆಯ ಹತ್ತಿರ ನಿಲ್ಲಿಸಿದ.

"ಇಷ್ಟೇ ಇಷ್ಟಾ ಅಕ್ಕಾ?" ಅಂದ.

"ಇಷ್ಟೇ," ಅಂದೆ. ಮಣೆ ಎಳೆದುಕೊಂಡು ಅವನ ಪಕ್ಕ ಕೂತೆ.